ನಮ್ಮ ಗಾಡಿಯ ಬ್ರೇಕ್: ನಾವೂ ತಿಳಿದಿರೋಣ



ಸಂಘದ ಸಭೆಯಲ್ಲಿ ಈ ಸಲ ಬ್ರೇಕ್ ಬಗ್ಗೆ ಪಾಠ ಎಂದಾಗ ಕೆಲವರು ನಕ್ಕರು. "ಸಿಸ್ಟರ್, ಅದೆಲ್ಲ ಗಂಡಸರ ಕೆಲಸ, ನಮಗ್ಯಾಕೆ?" ಎಂದು ಒಬ್ಬರು ಕೇಳಿಯೇ ಬಿಟ್ಟರು. ಅವರ ಮನೆಯಲ್ಲಿ ಒಂದು ವ್ಯಾನು ಇದೆ. "ವ್ಯಾನಿನ ಸಾಲ ಯಾರ ಹೆಸರಲ್ಲಿದೆ?" ಎಂದು ನಾವು ಕೇಳಿದೆವು. "ನನ್ನ ಹೆಸರಲ್ಲೇ, ಸಂಘದಿಂದ ತಗೊಂಡದ್ದು." "ಅದರಲ್ಲಿ ದಿನಾ ಹೋಗೋರು ಯಾರು?" "ನಮ್ಮ ಮಕ್ಕಳು, ಅಕ್ಕಪಕ್ಕದ ಮನೆ ಮಕ್ಕಳು, ಶಾಲೆಗೆ." ಇಷ್ಟು ಹೇಳಿದ ಮೇಲೆ ಅವರೇ ಸುಮ್ಮನಾದರು.

ಸಾಲ ನಮ್ಮದು, ಮಕ್ಕಳು ನಮ್ಮವರು. ಆದರೆ ಗಾಡಿ ನಿಲ್ಲಿಸುವ ಬ್ರೇಕ್ ಬಗ್ಗೆ ನಮಗೆ ಏನೂ ಗೊತ್ತಿಲ್ಲ ಅಂದರೆ ಅದು ಸರಿಯಲ್ಲ. ನಾವು ಸ್ಪ್ಯಾನರ್ ಹಿಡಿದು ರಿಪೇರಿ ಮಾಡಬೇಕಾಗಿಲ್ಲ. ತೊಂದರೆಯ ಗುರುತು ಹಿಡಿಯಲು, ಗ್ಯಾರೇಜಿನವರು ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲು ಬಂದರೆ ಸಾಕು.

ನಮಗೇ ಆದ ಅನುಭವ

2014ರಲ್ಲಿ, ಮಳೆಗಾಲ ಮುಗಿದ ಮೇಲೆ, ಮೂಡಿಗೆರೆ ಕಡೆ ಒಂದು ತರಬೇತಿ ಮುಗಿಸಿ ನಮ್ಮ ಸಂಸ್ಥೆಯ ವ್ಯಾನಿನಲ್ಲಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಒಟ್ಟು ಏಳು ಜನ ಇದ್ದೆವು. ಕೊಟ್ಟಿಗೆಹಾರ ದಾಟಿ ಕೆಲವು ತಿರುವು ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬರತೊಡಗಿತು. ಯಾರೋ ಕಾಡಿನಲ್ಲಿ ಕಸ ಸುಡುತ್ತಿದ್ದಾರೆ ಎಂದುಕೊಂಡೆವು. ಇನ್ನೂ ಎರಡು ತಿರುವು ಆದ ಮೇಲೆ ಡ್ರೈವರ್ ಮುಖ ಬಿಳಚಿಕೊಂಡಿತು. "ಸಿಸ್ಟರ್, ಬ್ರೇಕ್ ಮೆತ್ತಗಾಗ್ತಾ ಉಂಟು" ಅಂದರು. ಅವರು ಗಾಬರಿಯಾಗದೆ ಪೆಡಲನ್ನು ಮತ್ತೆ ಮತ್ತೆ ಒತ್ತುತ್ತಾ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು ಗುಡ್ಡದ ಬದಿಗೆ ಗಾಡಿ ನಿಲ್ಲಿಸಿದರು. ಚಕ್ರದ ಹತ್ತಿರ ಕೈ ಒಯ್ಯಲಾಗದಷ್ಟು ಬಿಸಿ. ಅರ್ಧ ಗಂಟೆ ಕಳೆದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಆಮೇಲೆ ಎರಡನೇ ಗೇರಿನಲ್ಲಿ ನಿಧಾನವಾಗಿ ಇಳಿದೆವು.

ಮರುದಿನ ಮೆಕ್ಯಾನಿಕ್ ನೋಡಿದಾಗ ಬ್ರೇಕ್ ಆಯಿಲ್ ಕಪ್ಪಾಗಿತ್ತು. ನಮ್ಮ ಖರ್ಚಿನ ಪುಸ್ತಕ ತೆಗೆದು ನೋಡಿದೆವು. ಬ್ರೇಕ್ ಆಯಿಲ್ ಬದಲಿಸಿದ್ದು 2009ರಲ್ಲಿ. ಐದು ವರ್ಷ ಯಾರೂ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಬಿಲ್ಲಿಗೆ ಸಹಿ ಹಾಕುತ್ತಿದ್ದದ್ದು ಮಾತ್ರ ನಾವೇ.

ಬ್ರೇಕ್ ಹೇಗೆ ಕೆಲಸ ಮಾಡುತ್ತದೆ?

ನಾವು ಪೆಡಲ್ ಒತ್ತಿದಾಗ ಆ ಒತ್ತಡ ಮಾಸ್ಟರ್ ಸಿಲಿಂಡರಿಗೆ ಹೋಗುತ್ತದೆ. ಅಲ್ಲಿಂದ ಬ್ರೇಕ್ ಆಯಿಲ್ ಮೂಲಕ ಸಣ್ಣ ಪೈಪುಗಳಲ್ಲಿ ನಾಲ್ಕೂ ಚಕ್ರಕ್ಕೆ ತಲುಪುತ್ತದೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇರುತ್ತದೆ. ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಎರಡು ಪ್ಯಾಡ್‌ಗಳು ಅದನ್ನು ಎರಡೂ ಬದಿಯಿಂದ ಹಿಡಿಯುತ್ತವೆ. ಡ್ರಮ್ ಎಂದರೆ ಮುಚ್ಚಿದ ಡಬ್ಬಿಯ ಹಾಗೆ. ಅದರೊಳಗೆ ಎರಡು ಬ್ರೇಕ್ ಶೂ ಅಗಲವಾಗಿ ಡ್ರಮ್ಮಿನ ಒಳಗೋಡೆಗೆ ಉಜ್ಜುತ್ತವೆ. ಇಂತಹ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಕೇಬಲ್ ಎಳೆಯುವುದು ಈ ಹಿಂದಿನ ಶೂಗಳನ್ನೇ.

ಸಭೆಯಲ್ಲಿ ಇದನ್ನು ತೋರಿಸಲು ಸೂಜಿ ಇಲ್ಲದ ಎರಡು ಹೊಸ ಸಿರಿಂಜ್ ತೆಗೆದುಕೊಳ್ಳಿ. ನಡುವೆ ಸಣ್ಣ ಪೈಪು ಸೇರಿಸಿ ನೀರು ತುಂಬಿಸಿ. ಒಂದನ್ನು ಒತ್ತಿದರೆ ಇನ್ನೊಂದು ಕೂಡಲೇ ಹೊರಗೆ ಬರುತ್ತದೆ. ಈಗ ಒಳಗೆ ಸ್ವಲ್ಪ ಗಾಳಿ ಬಿಟ್ಟು ಒತ್ತಿ ನೋಡಿ. ಕೈಗೆ ಮೆತ್ತಗೆ ಅನ್ನಿಸುತ್ತದೆ, ಆ ಕಡೆ ಬಲ ಸರಿಯಾಗಿ ತಲುಪುವುದಿಲ್ಲ. ಬ್ರೇಕಿನಲ್ಲಿ "ಏರ್ ಹಿಡಿದಿದೆ" ಎಂದು ಮೆಕ್ಯಾನಿಕ್ ಹೇಳುವುದು ಇದನ್ನೇ.

ಘಾಟಿಯಲ್ಲಿ ನಮಗಾದದ್ದೂ ಇದೇ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ಹೊಸ ಆಯಿಲ್ ಕುದಿಯಲು ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಸೇರಿದರೆ 140 ಡಿಗ್ರಿಗೆ ಕುದಿಯಬಹುದು. ಡಾಟ್ 4ಕ್ಕೆ ಈ ಲೆಕ್ಕ 230 ಮತ್ತು 155. ಇಳಿಜಾರಿನಲ್ಲಿ ಬ್ರೇಕ್ ತುಳಿದೇ ಹೋದರೆ ಬಿಸಿ ಏರಿ ಹಳೆ ಆಯಿಲ್ ಕುದಿಯುತ್ತದೆ, ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಒಳಗೆ ಹೋಗುತ್ತದೆ. ತಣಿದ ಮೇಲೆ ಸರಿಯಾದಂತೆ ಕಾಣುತ್ತದೆ. "ಸರಿಯಾಯ್ತಲ್ಲ" ಎಂದು ಬಿಟ್ಟರೆ ಮುಂದಿನ ಸಲ ಅದೃಷ್ಟ ಇರಲಿಕ್ಕಿಲ್ಲ.

ಗುರುತಿಸಬೇಕಾದ ಲಕ್ಷಣಗಳು

ಪಕ್ಕದ ಸೀಟಿನಲ್ಲಿ ಕೂತವರಿಗೂ ಇವುಗಳಲ್ಲಿ ಹಲವು ಗೊತ್ತಾಗುತ್ತವೆ.

1. ಕೀಚ್ ಕೀಚ್ ಶಬ್ದ: ಪ್ಯಾಡ್ ಸವೆದಿರಬಹುದು. ಕೆಲವು ಪ್ಯಾಡ್‌ಗಳಲ್ಲಿ ಸವೆದಾಗ ಹೀಗೆ ಕೂಗಲೆಂದೇ ಒಂದು ತಗಡಿನ ತುಂಡು ಇಟ್ಟಿರುತ್ತಾರೆ. ಮಳೆ ಬಂದ ಮರುದಿನ ಬೆಳಿಗ್ಗೆ ಸ್ವಲ್ಪ ಹೊತ್ತು ಶಬ್ದ ಬಂದು ನಿಂತರೆ ಅದು ಡಿಸ್ಕಿನ ಮೇಲಿನ ತುಕ್ಕು, ಹೆದರಬೇಕಾಗಿಲ್ಲ.

2. ಕರಕರ ಎಂದು ಕಬ್ಬಿಣ ಉಜ್ಜುವ ಶಬ್ದ: ಪ್ಯಾಡ್ ಪೂರ್ತಿ ಮುಗಿದು ಅದರ ಹಿಂದಿನ ಕಬ್ಬಿಣ ಡಿಸ್ಕಿಗೆ ತಾಗುತ್ತಿರಬಹುದು. ಇನ್ನು ಒಂದು ದಿನವೂ ಓಡಿಸಬಾರದು.

3. ಪೆಡಲ್ ಮೆತ್ತಗೆ ಅಥವಾ ತಳದವರೆಗೆ ಹೋಗುವುದು: ಏರ್ ಹಿಡಿದಿದೆ, ಇಲ್ಲವೆ ಆಯಿಲ್ ಸೋರುತ್ತಿದೆ. ಒತ್ತಿ ಹಿಡಿದ ಪೆಡಲ್ ಮೆಲ್ಲನೆ ಇಳಿಯುತ್ತಿದ್ದರೆ, ಹೊರಗೆ ಸೋರಿಕೆ ಕಾಣದಿದ್ದರೂ ಮಾಸ್ಟರ್ ಸಿಲಿಂಡರ್ ಒಳಗೆ ಹಾಳಾಗಿರಬಹುದು. ಗಾಡಿ ನಿಲ್ಲಿಸಿ ಮೆಕ್ಯಾನಿಕ್ಕನ್ನೇ ಕರೆಸಬೇಕು.

4. ಪೆಡಲ್ ಕಲ್ಲಿನಂತೆ ಗಟ್ಟಿ: ಬೂಸ್ಟರ್ ತೊಂದರೆ ಇರಬಹುದು. ಪರೀಕ್ಷೆ ಸುಲಭ. ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ. ಗಟ್ಟಿಯಾದ ಮೇಲೆ ಕಾಲು ಅಲ್ಲೇ ಒತ್ತಿ ಹಿಡಿದು ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ತೋರಿಸಬೇಕು.

5. ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯುವುದು: ಒಂದು ಚಕ್ರದ ಬ್ರೇಕ್ ಮಾತ್ರ ಹಿಡಿಯುತ್ತಿದೆ. ಕ್ಯಾಲಿಪರ್ ಸಿಕ್ಕಿಕೊಂಡಿರಬಹುದು, ಪ್ಯಾಡಿಗೆ ಎಣ್ಣೆ ತಾಗಿರಬಹುದು. ಟೈರಿನ ಗಾಳಿಯನ್ನೂ ನೋಡಬೇಕು.

6. ಸ್ಟೀರಿಂಗ್ ಅಥವಾ ಪೆಡಲ್ ನಡುಗುವುದು: ಡಿಸ್ಕ್ ಸಮವಾಗಿ ಸವೆದಿಲ್ಲ. ಆದರೆ ಎ.ಬಿ.ಎಸ್. ಇರುವ ಗಾಡಿಯಲ್ಲಿ ಜೋರಾಗಿ ಬ್ರೇಕ್ ತುಳಿದಾಗ ಮಾತ್ರ ಪೆಡಲ್ ಗಡಗಡ ಅಂದರೆ ಅದು ತೊಂದರೆಯಲ್ಲ. ಆಗ ಕಾಲು ತೆಗೆಯಬಾರದು, ಒತ್ತಿಯೇ ಹಿಡಿಯಬೇಕು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎ.ಬಿ.ಎಸ್. ಕಡ್ಡಾಯವಾಗಿದೆ.

7. ಡ್ಯಾಶ್‌ಬೋರ್ಡಿನ ಕೆಂಪು ದೀಪ: ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟ ಮೇಲೂ ಉರಿಯುತ್ತಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು.

8. ಚಕ್ರದ ಒಳಬದಿ ಅಥವಾ ನಿಲ್ಲಿಸಿದ ಜಾಗದಲ್ಲಿ ಒದ್ದೆ ಕಲೆ: ಎ.ಸಿ. ನೀರು ಬಿದ್ದರೆ ಚಿಂತೆಯಿಲ್ಲ. ಜಿಡ್ಡು ಇದ್ದರೆ ತೋರಿಸಬೇಕು.

ಸಾಮಾನ್ಯ ರಿಪೇರಿಗಳು

ಪ್ಯಾಡ್ ಬದಲಾವಣೆ: ಪ್ಯಾಡಿನ ಉಜ್ಜುವ ಭಾಗ ಸುಮಾರು 3 ಮಿಲಿಮೀಟರಿಗೆ ಬಂದಾಗ ಬದಲಿಸಬೇಕು. ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಬೇಕು. ಒಂದೇ ಕಡೆ ಹಾಕಿ ಹಣ ಉಳಿಸಿದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ.

ಡಿಸ್ಕ್: ಎಷ್ಟು ದಪ್ಪಕ್ಕಿಂತ ಕಡಿಮೆಯಾಗಬಾರದು ಎಂಬ ಅಳತೆ ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ. "ಡಿಸ್ಕ್ ಹೋಗಿದೆ" ಎಂದರೆ ಅಳತೆ ಮಾಡಿ ತೋರಿಸಲು ಕೇಳಿ. ಪ್ಯಾಡ್ ಮುಗಿದ ಮೇಲೂ ಓಡಿಸಿದರೆ ಡಿಸ್ಕ್ ಕೂಡ ಹಾಳಾಗಿ, ಸಣ್ಣ ಖರ್ಚು ದೊಡ್ಡದಾಗುತ್ತದೆ.

ಹಿಂದಿನ ಶೂ: ಡ್ರಮ್ ಬಿಚ್ಚಿ ಶುಚಿ ಮಾಡಿ, ಸವೆದ ಶೂ ಬದಲಿಸಿ, ಹ್ಯಾಂಡ್ ಬ್ರೇಕ್ ಬಿಗಿ ಮಾಡುತ್ತಾರೆ. ವೀಲ್ ಸಿಲಿಂಡರ್ ಸೋರುತ್ತಿದ್ದರೆ ಆಯಿಲ್ ಶೂ ಮೇಲೆ ಬಿದ್ದು ಬ್ರೇಕ್ ಹಿಡಿಯುವುದಿಲ್ಲ. ಒಳಗಿನ ಧೂಳನ್ನು ಏರ್ ಹಾಕಿ ಹಾರಿಸುವಾಗ ಮಕ್ಕಳನ್ನು ಹತ್ತಿರ ನಿಲ್ಲಿಸಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಆಯಿಲ್ ಬದಲಾವಣೆ ಮತ್ತು ಏರ್ ತೆಗೆಯುವುದು: ಸುಮಾರು ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಯಾವ ಡಾಟ್ ಆಯಿಲ್ ಎಂಬುದು ಡಬ್ಬಿಯ ಮುಚ್ಚಳದ ಮೇಲೆ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಸೀಲ್ ಒಡೆಯದ ಹೊಸ ಡಬ್ಬಿಯನ್ನೇ ಬಳಸಬೇಕು. ಇಂಜಿನ್ ಆಯಿಲನ್ನು ಇದಕ್ಕೆ ಖಂಡಿತ ಹಾಕಬಾರದು, ಒಳಗಿನ ರಬ್ಬರ್ ಉಬ್ಬಿ ಬ್ರೇಕೇ ಹೋಗುತ್ತದೆ. ಆಯಿಲ್ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ತುಂಬಿಸಿ ತುಂಬಿಸಿ ಓಡಿಸುವುದಲ್ಲ. ಒಂದೋ ಪ್ಯಾಡ್ ಸವೆದಿದೆ, ಇಲ್ಲವೆ ಎಲ್ಲೋ ಸೋರುತ್ತಿದೆ.

ಘಾಟಿ ಇಳಿಯುವಾಗ

ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಎಂದು ಹಳೆಯ ಡ್ರೈವರುಗಳು ಹೇಳ್ತಾರೆ. ಅದು ಸರಿ. ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಭಾರ ಕಡಿಮೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ, ಇಂಜಿನ್ ಆಫ್ ಮಾಡಿ ಇಳಿಸುವವರು ಇದ್ದಾರೆ. ಇಂಜಿನ್ ನಿಂತರೆ ಎರಡು ಮೂರು ಸಲ ಒತ್ತುವುದರೊಳಗೆ ಬೂಸ್ಟರಿನ ಬಲ ಮುಗಿದು ಪೆಡಲ್ ಗಟ್ಟಿಯಾಗುತ್ತದೆ. ಇದು ಉಳಿತಾಯವಲ್ಲ, ಪ್ರಾಣದ ಜೊತೆ ಆಟ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು ಎಂಬುದನ್ನೂ ನೆನಪಿಡೋಣ.

ಬ್ರೇಕ್ ಬಿಸಿಯಾದರೆ ನಿಲ್ಲಿಸಿ ತಾನಾಗಿ ತಣಿಯಲು ಬಿಡಬೇಕು. ನೀರು ಸುರಿದರೆ ಡಿಸ್ಕ್ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಮಳೆಗಾಲದಲ್ಲಿ ನೀರು ನಿಂತ ರಸ್ತೆ ದಾಟಿದ ಮೇಲೆ ನಿಧಾನವಾಗಿ ಹೋಗುತ್ತಾ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಬೇಕು.

ಬ್ರೇಕ್ ಹೋಗಿಯೇ ಬಿಟ್ಟರೆ ಪೆಡಲನ್ನು ಬೇಗ ಬೇಗ ಒತ್ತಿ ಬಿಟ್ಟು ಮಾಡಬೇಕು. ಗೇರ್ ಒಂದೊಂದಾಗಿ ಇಳಿಸಬೇಕು. ಹ್ಯಾಂಡ್ ಬ್ರೇಕ್ ಒಮ್ಮೆಲೇ ಎಳೆಯದೆ ಸ್ವಲ್ಪ ಸ್ವಲ್ಪ ಎಳೆಯಬೇಕು. ಗಾಡಿ ನಿಲ್ಲುವವರೆಗೆ ಕೀ ತೆಗೆಯಬಾರದು, ಸ್ಟೀರಿಂಗ್ ಲಾಕ್ ಆಗಬಹುದು. ಪಕ್ಕದಲ್ಲಿ ಕೂತ ನಾವು ಕಿರುಚದೆ, ಹಾರ್ನ್ ಮತ್ತು ಲೈಟ್ ಹಾಕಲು ನೆನಪಿಸಬೇಕು.

ಗ್ಯಾರೇಜಿನಲ್ಲಿ ಕೇಳುವುದು ತಪ್ಪಲ್ಲ

ಏನು ಬದಲಿಸುತ್ತೀರಿ, ಯಾಕೆ, ಎಷ್ಟಾಗುತ್ತದೆ ಎಂದು ಕೆಲಸಕ್ಕೆ ಮೊದಲೇ ಕೇಳಿ. ತೆಗೆದ ಹಳೆ ಸಾಮಾನು ತೋರಿಸಲು ಹೇಳಿ. ಬಿಲ್ಲಿನಲ್ಲಿ ಸಾಮಾನಿಗೆ ಬೇರೆ, ಕೂಲಿಗೆ ಬೇರೆ ಬರೆಸಿಕೊಳ್ಳಿ. ಗಾಡಿ ತರುವ ಮೊದಲು ನಿಧಾನವಾಗಿ ಓಡಿಸಿ ಬ್ರೇಕ್ ನೋಡಿ. ಒಳ್ಳೆಯ ಮೆಕ್ಯಾನಿಕ್ಕಿಗೆ ಇದರಿಂದ ಬೇಸರ ಆಗುವುದಿಲ್ಲ. ಎಫ್.ಸಿ. ಆಗಿದೆ ಎಂದು ನಿಶ್ಚಿಂತೆ ಬೇಡ. ಅದು ಪರೀಕ್ಷೆಯ ದಿನದ ಮಾತು, ಪ್ಯಾಡ್ ದಿನಾ ಸವೆಯುತ್ತದೆ. ದೋಷ ಗೊತ್ತಿದ್ದೂ ಅಪಾಯದ ಸ್ಥಿತಿಯಲ್ಲಿ ಗಾಡಿ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನ ಪ್ರಕಾರ ಅಪರಾಧ.

ನಮಗೆ ಗೊತ್ತಿರುವ ಹಾಗೆ ಹೆಚ್ಚಿನ ಮನೆಗಳಲ್ಲಿ ಬ್ರೇಕ್ ಕೆಲಸ ಮುಂದೆ ಹೋಗುವುದು ಉದಾಸೀನದಿಂದ ಅಲ್ಲ, ಕಂತಿನ ಚಿಂತೆಯಿಂದ. "ಈ ತಿಂಗಳ ಕಂತು ಕಟ್ಟಿ ಆಮೇಲೆ ನೋಡುವ" ಅಂತೇವೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಕಲಿಸಿದರು. ಗಾಡಿ ಸಾಲಕ್ಕೂ ಇದೇ ಲೆಕ್ಕ. ಕಂತಿನ ಜೊತೆಗೆ ರಿಪೇರಿಗೆಂದು ತಿಂಗಳು ತಿಂಗಳು ಸ್ವಲ್ಪ ಹಣ ಬೇರೆ ಇಡದಿದ್ದರೆ ಆ ಸಾಲದ ಯೋಜನೆ ಪೂರ್ತಿಯಾಗಿಲ್ಲ. ಗಾಡಿ ಸಾಲ ಮಂಜೂರು ಮಾಡುವಾಗಲೇ ಸಂಘದವರು ಇದನ್ನು ಕೇಳಲಿ. ಬ್ರೇಕಿಗೆ ತುರ್ತು ಹಣ ಬೇಕೆಂದು ಯಾರಾದರೂ ಬಂದರೆ ಮುಂದಿನ ಸಭೆಯವರೆಗೆ ಕಾಯಿಸದೆ ಆಂತರಿಕ ಸಾಲ ಕೊಡೋಣ.

ಪಾಠದ ಮೊದಲು ನಕ್ಕಿದ್ದ ಸಹೋದರಿ ಎರಡು ವಾರದ ಮೇಲೆ ಫೋನ್ ಮಾಡಿದರು. "ಸಿಸ್ಟರ್, ಕರಕರ ಶಬ್ದ ನಮ್ಮ ವ್ಯಾನಿನಲ್ಲೂ ಇತ್ತು. ಕೇಳಿ ಕೇಳಿ ಅಭ್ಯಾಸ ಆಗಿ ಹೋಗಿತ್ತು" ಅಂದರು. ಪ್ಯಾಡಿನಲ್ಲಿ ಏನೂ ಉಳಿದಿರಲಿಲ್ಲ. ಎರಡು ದಿನ ಮಕ್ಕಳನ್ನು ಬಸ್ಸಿನಲ್ಲಿ ಕಳಿಸಿ ಕೆಲಸ ಮಾಡಿಸಿದರಂತೆ.

ಗುಂಪಿನಲ್ಲಿ ಚರ್ಚಿಸೋಣ

1. ನಮ್ಮ ಸಂಘದ ಸಾಲದಿಂದ ತೆಗೆದ ಗಾಡಿಗಳು ಎಷ್ಟು? ಪ್ರತಿಯೊಂದರ ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು?
2. ಮೇಲಿನ ಎಂಟು ಲಕ್ಷಣಗಳಲ್ಲಿ ಯಾವುದನ್ನು ನಾವು ಗಮನಿಸಿದ್ದೇವೆ? ಆಗ ಏನು ಮಾಡಿದೆವು?
3. ಮಕ್ಕಳು ಹೋಗುವ ಶಾಲಾ ವ್ಯಾನಿನವರನ್ನು ಯಾರು, ಹೇಗೆ ಕೇಳಬಹುದು?

ಈ ತಿಂಗಳ ನಿರ್ಣಯ: ಗಾಡಿ ಇರುವ ಪ್ರತಿ ಸದಸ್ಯೆ ಒಂದು ಸಣ್ಣ ಪುಸ್ತಕದಲ್ಲಿ ಬ್ರೇಕ್ ಕೆಲಸದ ತಾರೀಕು, ಕಿಲೋಮೀಟರ್ ಮತ್ತು ಖರ್ಚು ಬರೆದು ಮುಂದಿನ ಸಭೆಗೆ ತರಬೇಕು.