ಜಾಲತಾಣಗಳಿಗೆ ನೆಲೆ: ಹೈದರಾಬಾದಿನಲ್ಲಿ ಕಿರು ವೆಬ್ ಹೋಸ್ಟಿಂಗ್ ಉದ್ಯಮ

ಅಂಗಡಿ, ಶಾಲೆ, ಚಿಕಿತ್ಸಾಲಯ, ಸಹಕಾರ ಸಂಘ ಹೀಗೆ ಯಾವುದೇ ಸಂಸ್ಥೆಯಾಗಲಿ, ಇಂದು ತನ್ನದೇ ಆದ ಜಾಲತಾಣವನ್ನು ಹೊಂದಲು ಬಯಸುತ್ತದೆ. ಜಾಲತಾಣದ ಪುಟಗಳು, ಚಿತ್ರಗಳು ಮತ್ತು ಗ್ರಾಹಕರ ವಿವರಗಳು ಹಗಲಿರುಳೂ ಚಾಲನೆಯಲ್ಲಿರುವ ಗಣಕಯಂತ್ರವೊಂದರಲ್ಲಿ ನೆಲೆಸಿರಬೇಕಾಗುತ್ತದೆ. ಈ ಯಂತ್ರವನ್ನು ಸರ್ವರ್ ಎನ್ನುತ್ತಾರೆ. ಸರ್ವರಿನಲ್ಲಿ ಸ್ಥಳವನ್ನು ಬಾಡಿಗೆಗೆ ನೀಡಿ, ಅದರ ಉಸ್ತುವಾರಿಯನ್ನು ವಹಿಸಿಕೊಳ್ಳುವ ಸೇವೆಯೇ ವೆಬ್ ಹೋಸ್ಟಿಂಗ್. ತಾಂತ್ರಿಕ ಶಿಕ್ಷಣ ಪಡೆದ ಯುವಜನರಿಗೆ ಇದು ಅಲ್ಪ ಬಂಡವಾಳದ ಸ್ವಯಂ ಉದ್ಯೋಗವಾಗಬಲ್ಲದು. ಆದರೆ ಇದು ಬರಿಯ ಯಂತ್ರದ ವ್ಯಾಪಾರವಲ್ಲ. ಇತರರ ಜೀವನೋಪಾಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ಕಾಪಾಡುವ ಹೊಣೆಗಾರಿಕೆ ಇದರಲ್ಲಿದೆ. ಆದುದರಿಂದ ಯೋಜನೆಯ ಪ್ರತಿಯೊಂದು ಹಂತದಲ್ಲಿಯೂ ಈ ಹೊಣೆಯನ್ನೇ ಮೊದಲು ಪರಿಗಣಿಸುವುದು ಅವಶ್ಯಕ.

ಹೈದರಾಬಾದಿನ ಅನುಕೂಲತೆಗಳು

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯು 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮದ ಮೂಲಕ ಆರಂಭವಾಯಿತು. 1998ರಲ್ಲಿ ಖಾಸಗಿ ಸಂಸ್ಥೆಗಳಿಗೂ ಈ ಕ್ಷೇತ್ರ ತೆರೆಯಿತು. ಅದೇ ವರ್ಷದ ನವೆಂಬರಿನಲ್ಲಿ ಹೈದರಾಬಾದಿನ ಹೈಟೆಕ್ ಸಿಟಿಯ ಸೈಬರ್ ಟವರ್ಸ್ ಕಟ್ಟಡವು ಉದ್ಘಾಟನೆಗೊಂಡಿತು. ದಖ್ಖನ್ ಪ್ರಸ್ಥಭೂಮಿಯ ಮೇಲಿರುವ ಈ ನಗರಕ್ಕೆ ಭೂಕಂಪದ ಅಪಾಯ ಕಡಿಮೆ. ಕಡಲಿನ ಚಂಡಮಾರುತಗಳೂ ನೇರವಾಗಿ ಅಪ್ಪಳಿಸುವುದಿಲ್ಲ. ದತ್ತಾಂಶ ಕೇಂದ್ರಗಳಿಗೆ, ಅಂದರೆ ಸರ್ವರುಗಳನ್ನು ಒಟ್ಟಾಗಿ ಇರಿಸುವ ಭದ್ರ ಕಟ್ಟಡಗಳಿಗೆ, ಇದು ಅನುಕೂಲಕರ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ದತ್ತಾಂಶ ಕೇಂದ್ರಗಳಲ್ಲಿ ಒಂದು ಇಲ್ಲಿದೆ. 2007ರಲ್ಲಿ ಸ್ಥಾಪನೆಯಾದ ಕಂಟ್ರೋಲ್ ಎಸ್ ಸಂಸ್ಥೆ ಈ ನಗರದಿಂದಲೇ ಬೆಳೆಯಿತು. 2022ರ ನವೆಂಬರಿನಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಕ್ಲೌಡ್ ಸೇವೆಯ ಪ್ರಾದೇಶಿಕ ಕೇಂದ್ರವನ್ನು ಇಲ್ಲಿ ಆರಂಭಿಸಿತು.

ಇಂತಹ ಬೃಹತ್ ಸಂಸ್ಥೆಗಳಿರುವಲ್ಲಿ ಸಣ್ಣ ಉದ್ಯಮಿಗೆ ಸ್ಥಾನವಿದೆಯೇ ಎಂಬ ಪ್ರಶ್ನೆ ಸಹಜ. ಬೃಹತ್ ಸಂಸ್ಥೆಯು ಯಂತ್ರಶಕ್ತಿಯನ್ನು ಒದಗಿಸುತ್ತದೆ. ಆದರೆ ಅದನ್ನು ಬಳಸುವ ಬಗೆಯನ್ನು ಗ್ರಾಹಕನೇ ಅರಿತಿರಬೇಕೆಂದು ನಿರೀಕ್ಷಿಸುತ್ತದೆ. ಕೋಠಿಯ ಪುಸ್ತಕ ವ್ಯಾಪಾರಿಗಾಗಲಿ, ಕಾಚಿಗೂಡದ ಕನ್ನಡ ಸಂಘಕ್ಕಾಗಲಿ, ಬೀದರಿನ ಬಿದರಿ ಕಲಾವಸ್ತುಗಳ ಮಾರಾಟಗಾರನಿಗಾಗಲಿ ಬೇಕಾಗಿರುವುದು ದೂರವಾಣಿಯಲ್ಲಿ ತಮ್ಮ ಭಾಷೆಯಲ್ಲಿಯೇ ಉತ್ತರಿಸುವ ವ್ಯಕ್ತಿ. ಕನ್ನಡ, ತೆಲುಗು, ಉರ್ದು ಭಾಷೆಗಳನ್ನು ಬಲ್ಲ ಉದ್ಯಮಿಗೆ ಈ ನಗರದಲ್ಲಿ ವಿಶೇಷ ಅವಕಾಶವಿದೆ.

ಮೂರು ಹಂತಗಳು

ಮೊದಲನೆಯ ಹಂತ ಮರುಮಾರಾಟ. ದೊಡ್ಡ ಸಂಸ್ಥೆಯೊಂದರಿಂದ ಸಗಟಾಗಿ ಸ್ಥಳವನ್ನು ಪಡೆದು, ಅದನ್ನು ವಿಂಗಡಿಸಿ ಗ್ರಾಹಕರಿಗೆ ನೀಡುವುದು ಇದರ ಕ್ರಮ. ಬಂಡವಾಳ ಅತ್ಯಲ್ಪ, ಆದರೆ ಮೂಲ ಸಂಸ್ಥೆಯ ಲೋಪಗಳಿಗೆ ಗ್ರಾಹಕನ ಮುಂದೆ ಮರುಮಾರಾಟಗಾರನೇ ಉತ್ತರ ಹೇಳಬೇಕಾಗುತ್ತದೆ.

ಎರಡನೆಯದು, ಸಂಪೂರ್ಣ ಸರ್ವರನ್ನು ಅಥವಾ ವರ್ಚುವಲ್ ಸರ್ವರನ್ನು ತಿಂಗಳ ಬಾಡಿಗೆಗೆ ಪಡೆಯುವುದು. ಒಂದೇ ಯಂತ್ರವನ್ನು ತಂತ್ರಾಂಶದ ಮೂಲಕ ಹಲವು ಸ್ವತಂತ್ರ ಭಾಗಗಳಾಗಿ ವಿಂಗಡಿಸಿದಾಗ ಅಂತಹ ಪ್ರತಿಯೊಂದು ಭಾಗವೂ ವರ್ಚುವಲ್ ಸರ್ವರ್ ಎನಿಸುತ್ತದೆ. ಇಲ್ಲಿ ತಂತ್ರಾಂಶದ ನವೀಕರಣ ಮತ್ತು ಭದ್ರತೆಗಳು ಉದ್ಯಮಿಯ ಹೊಣೆ. ಲಿನಕ್ಸ್ ಕಾರ್ಯನಿರ್ವಹಣಾ ವ್ಯವಸ್ಥೆಯ ಜ್ಞಾನ ಇದಕ್ಕೆ ಅನಿವಾರ್ಯ.

ಮೂರನೆಯದು, ಸ್ವಂತ ಯಂತ್ರವನ್ನು ಖರೀದಿಸಿ ದತ್ತಾಂಶ ಕೇಂದ್ರದಲ್ಲಿ ಬಾಡಿಗೆಯ ಜಾಗದಲ್ಲಿ ಇರಿಸುವುದು. ಸ್ಥಿರವಾದ ಆದಾಯ ಬರುವವರೆಗೆ ಈ ಹಂತಕ್ಕೆ ಕೈಹಾಕದಿರುವುದು ಲೇಸು. ಮನೆಯಲ್ಲಿಯೇ ಅಥವಾ ಕಟ್ಟಡದ ನೆಲಮಾಳಿಗೆಯಲ್ಲಿ ಸರ್ವರ್ ಇರಿಸುವುದಂತೂ ಸರ್ವಥಾ ಸಲ್ಲದು. 2020ರ ಅಕ್ಟೋಬರ್ 13 ಮತ್ತು 14ರ ಭಾರಿ ಮಳೆಯಲ್ಲಿ ಹೈದರಾಬಾದಿನ ಹಲವು ಬಡಾವಣೆಗಳು ಜಲಾವೃತವಾದುದನ್ನು ಈ ಸಂದರ್ಭದಲ್ಲಿ ನೆನೆಯಬಹುದು.

ಆದಾಯ ವೆಚ್ಚಗಳ ಲೆಕ್ಕ

ಲೆಕ್ಕದ ಕ್ರಮವನ್ನು ತಿಳಿಯಲು ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ತಿಂಗಳಿಗೆ ಸರ್ವರ್ ಬಾಡಿಗೆ ರೂ. 6,000, ಬ್ಯಾಕಪ್ ಎಂದು ಕರೆಯಲಾಗುವ ಕಾಪು ಪ್ರತಿಗಳಿಗೆ ರೂ. 2,000, ನಿಯಂತ್ರಣ ತಂತ್ರಾಂಶದ ಪರವಾನಗಿಗೆ ರೂ. 2,500, ಸಹಾಯಕನ ವೇತನ ರೂ. 18,000, ಕಚೇರಿಯ ಬಾಡಿಗೆ, ವಿದ್ಯುತ್ತು ಮತ್ತು ಸಂಪರ್ಕಕ್ಕೆ ರೂ. 6,000, ಲೆಕ್ಕಪತ್ರ ಹಾಗೂ ಇತರೆ ರೂ. 1,500 ಎಂದಿರಲಿ. ಒಟ್ಟು ರೂ. 36,000 ಆಗುತ್ತದೆ. ಗ್ರಾಹಕನೊಬ್ಬನಿಂದ ವರ್ಷಕ್ಕೆ ರೂ. 3,000 ಬಂದರೆ ತಿಂಗಳಿಗೆ ರೂ. 250. ಹಣಪಾವತಿ ಶುಲ್ಕ ಮುಂತಾದವುಗಳಿಗೆ ರೂ. 10 ಕಳೆದರೆ ಉಳಿಯುವುದು ರೂ. 240. ಅಂದರೆ 150 ಗ್ರಾಹಕರು ದೊರೆತಾಗ ಮಾತ್ರ ಖರ್ಚು ಸರಿದೂಗುತ್ತದೆ. ಉದ್ಯಮಿಯು ತನ್ನ ಸಂಸಾರಕ್ಕೆ ರೂ. 24,000 ಪಡೆಯಬೇಕಾದರೆ ಇನ್ನೂ 100 ಗ್ರಾಹಕರು ಬೇಕು.

ಇಲ್ಲಿ ಮುಖ್ಯವಾದ ಎಚ್ಚರಿಕೆಯೊಂದಿದೆ. ಹೋಸ್ಟಿಂಗ್ ಶುಲ್ಕವನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮುಂಗಡವಾಗಿ ಪಡೆಯಲಾಗುತ್ತದೆ. ಈ ಹಣ ಕೈಸೇರಿದ ದಿನವೇ ಲಾಭವಾಗುವುದಿಲ್ಲ. ಅದು ಮುಂದಿನ ಹನ್ನೆರಡು ತಿಂಗಳ ಸೇವೆಯ ಸಾಲ. ಪ್ರತಿ ತಿಂಗಳೂ ಅದರ ಹನ್ನೆರಡನೆಯ ಒಂದು ಭಾಗವನ್ನು ಮಾತ್ರ ಆದಾಯವೆಂದು ಪರಿಗಣಿಸಿ, ಉಳಿದುದನ್ನು ಪ್ರತ್ಯೇಕ ಖಾತೆಯಲ್ಲಿ ಇರಿಸತಕ್ಕದ್ದು. ಮುಂಗಡವನ್ನು ಆರಂಭದಲ್ಲಿಯೇ ವ್ಯಯಿಸಿದವರಿಗೆ ವರ್ಷಾಂತ್ಯದಲ್ಲಿ ಸರ್ವರ್ ಬಾಡಿಗೆ ಕಟ್ಟಲು ಹಣವಿರುವುದಿಲ್ಲ. ಆಗ ಎಲ್ಲ ಗ್ರಾಹಕರ ಜಾಲತಾಣಗಳೂ ಏಕಕಾಲಕ್ಕೆ ಸ್ಥಗಿತಗೊಳ್ಳುತ್ತವೆ.

ಭರವಸೆಯ ಪ್ರಮಾಣ

ಜಾಹೀರಾತುಗಳಲ್ಲಿ ಶೇಕಡ 99.9ರಷ್ಟು ಲಭ್ಯತೆಯ ಭರವಸೆ ಕಂಡುಬರುತ್ತದೆ. ವರ್ಷಕ್ಕೆ 8,760 ಗಂಟೆಗಳು. ಅದರಲ್ಲಿ ಶೇಕಡ 0.1 ಎಂದರೆ ಸುಮಾರು 8 ಗಂಟೆ 46 ನಿಮಿಷಗಳ ಸ್ಥಗಿತತೆ. ಶೇಕಡ 99.99 ಎಂದರೆ ವರ್ಷವಿಡೀ ಸುಮಾರು 53 ನಿಮಿಷ ಮಾತ್ರ. ಒಬ್ಬನೇ ವ್ಯಕ್ತಿ ನಡೆಸುವ ಉದ್ಯಮದಲ್ಲಿ, ಆತ ನಿದ್ರಿಸುವ ವೇಳೆಯಲ್ಲಿ ಉಂಟಾಗುವ ಒಂದೇ ದೋಷವು ಈ ಮಿತಿಯನ್ನು ಮೀರಬಹುದು. ಮೂಲ ಸಂಸ್ಥೆಯು ಲಿಖಿತವಾಗಿ ನೀಡಿರುವುದಕ್ಕಿಂತ ಹೆಚ್ಚಿನ ಭರವಸೆಯನ್ನು ಗ್ರಾಹಕನಿಗೆ ನೀಡಕೂಡದು.

ಕಾಪು ಪ್ರತಿಗಳು

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಎಂಬ ಪ್ರಸಿದ್ಧ ಹೋಸ್ಟಿಂಗ್ ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾಯಿತು. ಪ್ರಾಣಹಾನಿ ಸಂಭವಿಸಲಿಲ್ಲ. ಆದರೆ ಬೇರೆಡೆ ಪ್ರತಿಯನ್ನು ಇರಿಸಿಕೊಳ್ಳದ ಅನೇಕ ಗ್ರಾಹಕರು ತಮ್ಮ ಮಾಹಿತಿಯನ್ನು ಶಾಶ್ವತವಾಗಿ ಕಳೆದುಕೊಂಡರು. ಬೃಹತ್ ಸಂಸ್ಥೆಯ ಕಟ್ಟಡವೂ ಸುಡಬಹುದು ಎಂಬುದೇ ಇದರಿಂದ ಕಲಿಯಬೇಕಾದ ಪಾಠ.

ಮಾಹಿತಿಯ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಂಗ್ರಾಹಕಗಳಲ್ಲಿರಬೇಕು. ಒಂದು ಪ್ರತಿಯಾದರೂ ಬೇರೊಂದು ಊರಿನಲ್ಲಿರಬೇಕು. ಸರ್ವರ್ ಹೈದರಾಬಾದಿನಲ್ಲಿದ್ದರೆ ಪ್ರತಿಯನ್ನು ಮುಂಬಯಿ ಅಥವಾ ಬೆಂಗಳೂರಿನಲ್ಲಿ ಇರಿಸಬಹುದು. ಪ್ರತಿ ತೆಗೆದರಷ್ಟೇ ಸಾಲದು. ತಿಂಗಳಿಗೊಮ್ಮೆ ಯಾವುದಾದರೊಂದು ಜಾಲತಾಣವನ್ನು ಆ ಪ್ರತಿಯಿಂದ ಬೇರೆ ಯಂತ್ರದಲ್ಲಿ ಪುನಃಸ್ಥಾಪಿಸಿ, ತಗುಲಿದ ಸಮಯವನ್ನು ದಾಖಲಿಸಬೇಕು. ಹೀಗೆ ಪರೀಕ್ಷಿಸದ ಪ್ರತಿಯು ಅಗತ್ಯದ ವೇಳೆಯಲ್ಲಿ ತೆರೆಯದೇ ಹೋಗುವ ಸಂಭವವಿದೆ.

ಕಾನೂನಿನ ಹೊಣೆಗಳು

ವೆಬ್ ಹೋಸ್ಟಿಂಗ್ ಸಂಸ್ಥೆಯು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಮಧ್ಯವರ್ತಿ ಎನಿಸಿಕೊಳ್ಳುತ್ತದೆ. ಗ್ರಾಹಕನು ಪ್ರಕಟಿಸಿದ ವಿಷಯಕ್ಕೆ ಮಧ್ಯವರ್ತಿಗೆ ಕಾಯ್ದೆಯ 79ನೆಯ ಪ್ರಕರಣವು ರಕ್ಷಣೆ ನೀಡುತ್ತದೆ. ಆದರೆ ನಿಯಮಗಳಲ್ಲಿ ಹೇಳಿದ ಎಚ್ಚರಿಕೆಯನ್ನು ವಹಿಸಿದವರಿಗೆ ಮಾತ್ರ ಈ ರಕ್ಷಣೆ ದೊರೆಯುತ್ತದೆ. ಕುಂದುಕೊರತೆ ಅಧಿಕಾರಿಯ ಹೆಸರನ್ನು ಪ್ರಕಟಿಸುವುದು, ನ್ಯಾಯಾಲಯದ ಅಥವಾ ಸರ್ಕಾರದ ಆದೇಶವನ್ನು ನಿಗದಿತ ಅವಧಿಯೊಳಗೆ ಪಾಲಿಸುವುದು ಇವುಗಳಲ್ಲಿ ಮುಖ್ಯವಾದವು.

ಸರ್ಟ್-ಇನ್ ಎಂದು ಪರಿಚಿತವಾಗಿರುವ ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ಸೈಬರ್ ದಾಳಿಯಂತಹ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ವ್ಯವಸ್ಥೆಯ ಚಟುವಟಿಕೆಯ ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕು. ವರ್ಚುವಲ್ ಸರ್ವರ್ ಅಥವಾ ಕ್ಲೌಡ್ ಸೇವೆ ನೀಡುವವರು ಗ್ರಾಹಕನ ಹೆಸರು, ವಿಳಾಸ ಮುಂತಾದ ವಿವರಗಳನ್ನು ಪರಿಶೀಲಿಸಿ, ಆತ ಸೇವೆಯನ್ನು ತ್ಯಜಿಸಿದ ಅನಂತರವೂ 5 ವರ್ಷ ಇರಿಸಿಕೊಳ್ಳಬೇಕು. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ 2023ರಲ್ಲಿ ಪ್ರತ್ಯೇಕ ಕಾಯ್ದೆಯೂ ರೂಪುಗೊಂಡಿದೆ.

ನೋಂದಣಿ, ತರಬೇತಿ ಮತ್ತು ಸಾಲ

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ 2020ರ ಜುಲೈ 1ರಿಂದ ಉದ್ಯಮ್ ನೋಂದಣಿ ಜಾರಿಯಲ್ಲಿದೆ. ಇದಕ್ಕೆ ಶುಲ್ಕವಿಲ್ಲ. ಪ್ರಧಾನಮಂತ್ರಿ ಮುದ್ರಾ ಯೋಜನೆಯು 2015ರಲ್ಲಿ ಆರಂಭವಾಯಿತು. ಜಾಮೀನಿಲ್ಲದ ಸಾಲಕ್ಕಾಗಿ ಅದರಡಿಯಲ್ಲಿ ಬ್ಯಾಂಕುಗಳನ್ನು ಸಂಪರ್ಕಿಸಬಹುದು. ಉದ್ಯಮಶೀಲತಾ ತರಬೇತಿಗೆ ಹೈದರಾಬಾದಿನ ಯೂಸುಫ್‌ಗೂಡದಲ್ಲಿಯೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸಂಸ್ಥೆ ಇದೆ. ಈ ಸಂಸ್ಥೆಯು 1962ರಿಂದ ಈ ನಗರದಲ್ಲಿ ಕಾರ್ಯನಿರ್ವಹಿಸುತ್ತಿದೆ.

ಗ್ರಾಹಕನೊಡನೆ ಒಪ್ಪಂದ

ಒಪ್ಪಂದವು ಸರಳ ಭಾಷೆಯಲ್ಲಿ, ಲಿಖಿತವಾಗಿರಬೇಕು. ಅದರಲ್ಲಿ ಈ ಅಂಶಗಳು ಸ್ಪಷ್ಟವಾಗಿರತಕ್ಕದ್ದು:

1. ಜಾಲತಾಣದ ಹೆಸರು, ಅಂದರೆ ಡೊಮೇನ್, ಗ್ರಾಹಕನ ಹೆಸರಿನಲ್ಲಿಯೇ ನೋಂದಣಿಯಾಗಬೇಕು. ಡಾಟ್ ಇನ್ ಹೆಸರುಗಳನ್ನೂ ಕನ್ನಡ ಲಿಪಿಯ ಡಾಟ್ ಭಾರತ ಹೆಸರುಗಳನ್ನೂ ಭಾರತೀಯ ರಾಷ್ಟ್ರೀಯ ಅಂತರ್ಜಾಲ ವಿನಿಮಯ ಕೇಂದ್ರವು ನಿರ್ವಹಿಸುತ್ತದೆ.

2. ಕಾಪು ಪ್ರತಿಯನ್ನು ಎಷ್ಟು ದಿನಗಳಿಗೊಮ್ಮೆ ತೆಗೆಯಲಾಗುವುದು, ಎಷ್ಟು ದಿನ ಇರಿಸಲಾಗುವುದು ಎಂಬುದನ್ನು ತಿಳಿಸಬೇಕು.

3. ಸೇವೆ ಸ್ಥಗಿತಗೊಂಡರೆ ಯಾರನ್ನು, ಯಾವ ವೇಳೆಯಲ್ಲಿ ಸಂಪರ್ಕಿಸಬಹುದು ಎಂಬುದನ್ನು ನಮೂದಿಸಬೇಕು.

4. ಗ್ರಾಹಕನು ಬೇರೆಡೆಗೆ ಹೋಗಬಯಸಿದರೆ ಆತನ ಸಮಸ್ತ ಮಾಹಿತಿಯನ್ನು ವಿಳಂಬವಿಲ್ಲದೆ ಒಪ್ಪಿಸಬೇಕು.

5. ಉದ್ಯಮವನ್ನೇ ಮುಚ್ಚುವ ಪ್ರಸಂಗ ಬಂದರೆ ಎಷ್ಟು ದಿನ ಮೊದಲು ತಿಳಿಸಲಾಗುವುದು, ಉಳಿದ ಮುಂಗಡ ಹೇಗೆ ಹಿಂದಿರುಗುವುದು ಎಂಬುದೂ ಇರಬೇಕು.

ಕೊನೆಯ ಅಂಶವನ್ನು ಹೊಸ ಉದ್ಯಮಿಗಳು ಅಪಶಕುನವೆಂದು ಬಿಟ್ಟುಬಿಡುವುದುಂಟು. ವಾಸ್ತವವಾಗಿ, ಕೆಟ್ಟ ದಿನಕ್ಕೂ ಸಿದ್ಧನಿರುವ ಉದ್ಯಮಿಯ ಬಳಿಯಲ್ಲಿಯೇ ಗ್ರಾಹಕನು ತನ್ನ ಮಾಹಿತಿಯನ್ನು ನೆಮ್ಮದಿಯಿಂದ ಇರಿಸಬಲ್ಲನು. ಹತ್ತು ಹದಿನೈದು ಗ್ರಾಹಕರಿಂದ ಆರಂಭಿಸಿ, ಅವರಿಗೆ ಒಂದು ವರ್ಷ ಲೋಪವಿಲ್ಲದ ಸೇವೆ ಸಲ್ಲಿಸಿ, ಅನಂತರ ವಿಸ್ತರಿಸುವುದು ಈ ಉದ್ಯಮದಲ್ಲಿ ಕ್ಷೇಮಕರವಾದ ಕ್ರಮವಾಗಿದೆ.