ಅನ್ಯನ ಸಾಕ್ಷ್ಯ: ರುಮೇನಿಯಾದ ಒಂದು ಹಾಸ್ಯಚಿತ್ರದಲ್ಲಿ ಪ್ರಾತಿನಿಧ್ಯದ ಪ್ರಶ್ನೆ

ಪ್ರಾತಿನಿಧ್ಯವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಒಂದು ಕೃತಿಯಲ್ಲಿ ಅಲ್ಪಸಂಖ್ಯಾತರಿಗೆ ಎಷ್ಟು ಸ್ಥಳ ದೊರೆತಿದೆ ಎಂಬ ಲೆಕ್ಕದಿಂದ ತೊಡಗುತ್ತವೆ. ಆದರೆ ಪಾತ್ರವೊಂದು ಕಾಣಿಸಿಕೊಳ್ಳುವುದಕ್ಕೂ ಅದರ ಮಾತು ಮಾನ್ಯವಾಗುವುದಕ್ಕೂ ಅಂತರವಿದೆ. ಈ ಅಂತರವನ್ನು ಪರಿಶೀಲಿಸಲು ಕೊರ್ನೆಲಿಯು ಪೊರುಂಬೊಯು ನಿರ್ದೇಶನದ ‘12:08 ಈಸ್ಟ್ ಆಫ್ ಬುಕಾರೆಸ್ಟ್’ ತಕ್ಕ ಪಠ್ಯವಾಗಿದೆ. 2006ರ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಸಲ್ಲುವ ಕ್ಯಾಮೆರಾ ದೋರ್ ಪ್ರಶಸ್ತಿಯನ್ನು ಇದು ಪಡೆಯಿತು. ಇದರ ರುಮೇನಿಯನ್ ಶೀರ್ಷಿಕೆಗೆ ‘ಇತ್ತೇ, ಇರಲಿಲ್ಲವೇ?’ ಎಂಬ ಅರ್ಥವಿದೆ.

1989ರ ಡಿಸೆಂಬರ್ 22ರಂದು ಸರ್ವಾಧಿಕಾರಿ ಚಾವುಶೆಸ್ಕು ಬುಕಾರೆಸ್ಟ್‌ನಿಂದ ಹೆಲಿಕಾಪ್ಟರಿನಲ್ಲಿ ಪಲಾಯನ ಮಾಡಿದ ಗಳಿಗೆ 12 ಗಂಟೆ 8 ನಿಮಿಷ. 16 ವರ್ಷಗಳ ನಂತರ ಸಣ್ಣ ಪಟ್ಟಣವೊಂದರ ಟಿ.ವಿ. ನಿರೂಪಕ ಜ್ದೆರೆಸ್ಕು, ‘ನಮ್ಮ ಊರಿನಲ್ಲಿ ಕ್ರಾಂತಿ ನಡೆಯಿತೇ?’ ಎಂದು ನೇರಪ್ರಸಾರದಲ್ಲಿ ಕೇಳುತ್ತಾನೆ. ಆ ಗಳಿಗೆಗೆ ಮೊದಲೇ ಜನ ಚೌಕದಲ್ಲಿ ಸೇರಿದ್ದರೆ ಅದು ಕ್ರಾಂತಿ. ಅನಂತರ ಸೇರಿದ್ದರೆ ಬರಿಯ ಸಂಭ್ರಮ. ಮದ್ಯವ್ಯಸನಿಯಾದ ಇತಿಹಾಸದ ಅಧ್ಯಾಪಕ ಮನೆಸ್ಕು ತಾನು ಮೊದಲೇ ಅಲ್ಲಿದ್ದೆನೆನ್ನುತ್ತಾನೆ. ದೂರವಾಣಿ ಕರೆಗಳು ಅವನ ಮಾತನ್ನು ಒಂದೊಂದಾಗಿ ಅಲ್ಲಗಳೆಯುತ್ತವೆ. ಚಿತ್ರದ ಹಾಸ್ಯ ಹುಟ್ಟುವುದು ಈ ಪಾಟೀಸವಾಲಿನಿಂದ.

ಎರಡು ಕರೆಗಳನ್ನು ಜೊತೆಯಲ್ಲಿಟ್ಟು ನೋಡುವುದು ಉಚಿತ. ಮೊದಲನೆಯದು, ಹಿಂದೆ ಗುಪ್ತ ಪೊಲೀಸ್ ಪಡೆಯಾದ ಸೆಕುರಿತಾತೆಯಲ್ಲಿದ್ದು ಈಗ ಉದ್ಯಮಿಯಾಗಿರುವವನದು. ಅವನು ಮೊಕದ್ದಮೆಯ ಬೆದರಿಕೆ ಹಾಕುತ್ತಾನೆ. ಆ ಬೆದರಿಕೆಗೆ ತೂಕವಿದೆ. ಎರಡನೆಯದು ಅದೇ ಊರಿನ ಚೀನೀ ಅಂಗಡಿಕಾರ ಚೆನ್‌ನದು. ಕುಡಿದಾಗ ಅವನ ಜನಾಂಗವನ್ನೇ ಹಿಡಿದು ನಿಂದಿಸಿ, ಅಮಲು ಇಳಿದ ಮೇಲೆ ಕ್ಷಮೆ ಕೇಳುವವನು ಇದೇ ಮನೆಸ್ಕು. ಹಾಗಿದ್ದೂ ಚೆನ್ ಮನೆಸ್ಕುವಿನ ಪರವಾಗಿ ಮಾತನಾಡುತ್ತಾನೆ. ನಿರೂಪಕ ಆ ಮಾತಿಗೆ ಬೆಲೆ ಕೊಡುವುದಿಲ್ಲ. ದೂರವಾಣಿಯಲ್ಲಿ ಎಲ್ಲರೂ ಬರಿಯ ಧ್ವನಿಗಳೇ. ಆದರೂ ಯಾವ ಧ್ವನಿ ಸಾಕ್ಷ್ಯವಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಪೂರ್ವನಿಶ್ಚಿತವಾಗಿದೆ. ದಮನದ ಯಂತ್ರದ ಭಾಗವಾಗಿದ್ದವನು ‘ನಮ್ಮವ’. ನಿಂದೆಯನ್ನು ನುಂಗಿಕೊಂಡು ನ್ಯಾಯ ನುಡಿದವನು ‘ಹೊರಗಿನವ’.

ಇಲ್ಲೊಂದು ಆಳವಾದ ವ್ಯಂಗ್ಯವಿದೆ. 1989ರ ನಂತರ ಗಡಿಗಳು ತೆರೆದಾಗ ಚೀನಾದ ಸಣ್ಣ ವ್ಯಾಪಾರಿಗಳು ಪೂರ್ವ ಯುರೋಪಿನ ದೇಶಗಳಿಗೆ ಹೆಚ್ಚಿನ ಸಂಖ್ಯೆಯಲ್ಲಿ ಬಂದರು. ಆ ಹಿನ್ನೆಲೆಯಲ್ಲಿ ನೋಡಿದರೆ ಚೆನ್‌ನ ಅಂಗಡಿಯೇ ಬದಲಾವಣೆಯ ಫಲ. ಕ್ರಾಂತಿ ಇತ್ತೇ ಎಂದು ಗಂಟಲು ಹರಿದುಕೊಳ್ಳುವ ಊರು ತನ್ನ ಬೀದಿಯಲ್ಲೇ ಇರುವ ಈ ಜೀವಂತ ಪುರಾವೆಯನ್ನು ಗುರುತಿಸುವುದಿಲ್ಲ.

ಹಾಗೆಂದು ಚಿತ್ರವನ್ನು ಸಂಪೂರ್ಣ ದೋಷಮುಕ್ತವೆನ್ನಲಾಗದು. ಚೆನ್‌ಗೆ ಇಲ್ಲಿ ಮನೆಯಿಲ್ಲ, ಸಂಸಾರವಿಲ್ಲ, ಸ್ವಂತ ನೆನಪುಗಳಿಲ್ಲ. ಪಟಾಕಿ ಮಾರುವ ಚೀನೀಯನೆಂಬ ಸಿದ್ಧಮಾದರಿಯಿಂದ ಅವನು ಪೂರ್ತಿ ಬಿಡಿಸಿಕೊಂಡಿಲ್ಲ. ಅವನ ಸಜ್ಜನಿಕೆಯೂ ರುಮೇನಿಯನ್ನರ ಸಣ್ಣತನವನ್ನು ತೋರುವ ಕನ್ನಡಿಯಾಗಿಯೇ ಬಳಕೆಯಾಗಿದೆ. ಅನ್ಯನನ್ನು ಒಳ್ಳೆಯವನನ್ನಾಗಿ ಚಿತ್ರಿಸುವುದು ಅವನನ್ನು ಪೂರ್ಣ ಮನುಷ್ಯನನ್ನಾಗಿ ಚಿತ್ರಿಸುವುದಕ್ಕೆ ಸಮನಲ್ಲ.

ಆದರೂ ನಗೆ ಯಾರ ಮೇಲೆ ಬೀಳುತ್ತದೆಂಬುದು ಹಾಸ್ಯಕೃತಿಯ ನೈತಿಕತೆಯನ್ನು ನಿರ್ಧರಿಸುವ ಅಂಶ. ಚೆನ್‌ನ ಕರೆಯ ಪ್ರಸಂಗದಲ್ಲಿ ಪ್ರೇಕ್ಷಕ ನಗುವುದು ಚೆನ್‌ನನ್ನು ಕಂಡಲ್ಲ, ಅವನನ್ನು ಕೇಳಿಸಿಕೊಳ್ಳಲಾರದವರನ್ನು ಕಂಡು. ಚರಿತ್ರೆಯ ಸಾಕ್ಷಿಯಾಗಲು ‘ಆಗ ಅಲ್ಲಿದ್ದೆ’ ಎನ್ನುವುದಷ್ಟೇ ಅರ್ಹತೆಯಾದರೆ, ಅನಂತರ ಬಂದು ಅದೇ ಊರಿನಲ್ಲಿ ಬದುಕುತ್ತಿರುವವರ ಮಾತಿಗೆ ಎಲ್ಲಿ ಸ್ಥಾನ? ಪ್ರಾತಿನಿಧ್ಯದ ಅಧ್ಯಯನ ಪಾತ್ರಗಳ ಎಣಿಕೆಯನ್ನು ದಾಟಿ ಈ ಪ್ರಶ್ನೆಯನ್ನು ಎದುರಿಸಬೇಕಾಗಿದೆ.