ಹೊಸ ಪ್ಲಗ್ ಕೊಳ್ಳುವ ಮುನ್ನ
ಪುಟ್ಟ ವಿಮಾನ ಇಟ್ಟುಕೊಂಡವರಿಗೆ ‘ಇರಿಡಿಯಂ ತಂತಿಯ ಸ್ಪಾರ್ಕ್ ಪ್ಲಗ್ ಹಾಕಿಸಿ’ ಎಂದು ಯಾರಾದರೂ ಹೇಳಿದರೆ ತಳ್ಳಿಹಾಕಬೇಡಿ, ಮಾತಿನಲ್ಲಿ ಹುರುಳಿದೆ. ಸೆಸ್ನಾ 172ರ ನಾಲ್ಕು ಸಿಲಿಂಡರ್‌ಗಳಿಗೆ ತಲಾ ಎರಡರಂತೆ 8 ಪ್ಲಗ್. ಏವ್‌ಗ್ಯಾಸ್ 100 ಎಲ್‌ಎಲ್ ಇಂಧನದಲ್ಲಿ ಸೀಸ ಇರುವುದರಿಂದ, ಅದರಲ್ಲೂ ಕೆಳಸಾಲಿನ ಪ್ಲಗ್‌ಗಳ ಬಾಯಲ್ಲಿ ಬೂದುಬಣ್ಣದ ಹರಳು ಕಟ್ಟಿ ಕಿಡಿಯೇ ಹಾರದಂತಾಗುತ್ತದೆ. ಹಳೆಯ ದಪ್ಪ ಪ್ಲಗ್‌ನಲ್ಲಿ ಈ ಹರಳು ಸಿಕ್ಕಿಕೊಳ್ಳಲು ಜಾಗ ಹೇರಳ. ಸಣ್ಣ ತಂತಿಯದರಲ್ಲಿ ಕಡಿಮೆ. ಸವೆತವೂ ನಿಧಾನ.

ಬೆಲೆ ಮಾತ್ರ ಹಲವು ಪಟ್ಟು! ಆದ್ದರಿಂದ ಎಂಜಿನ್ ತಯಾರಕರ ಅನುಮೋದಿತ ಪಟ್ಟಿಯಲ್ಲಿ ಆ ಪ್ಲಗ್ಗಿನ ಮಾದರಿ ಸಂಖ್ಯೆ ಇದೆಯೇ ಎಂದು ಮೊದಲು ನೋಡಿ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಎಷ್ಟೇ ದುಬಾರಿಯಾದರೂ ಕಸದ ಬುಟ್ಟಿಗೇ ಹೋಗಬೇಕು. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಒಳಗಿನ ಪಿಂಗಾಣಿ ಬಿರುಕುಬಿಟ್ಟಿದ್ದರೆ ಹೊರಗಿನಿಂದ ಕಾಣುವುದಿಲ್ಲ.

ಟ್ಯಾಕ್ಸಿ ಮಾಡುವಾಗ ಮಿಕ್ಸ್ಚರ್ ತೆಳುವಾಗಿಸುವ ರೂಢಿ ಇಲ್ಲದವರಿಗೆ ಯಾವ ಪ್ಲಗ್ ಹಾಕಿದರೂ ಕಿಟ್ಟದ ಕಾಟ ತಪ್ಪದು. ಹಾರುವ ಮುನ್ನ ಮ್ಯಾಗ್ನೆಟೊ ಪರೀಕ್ಷಿಸಿದಾಗ ಎಂಜಿನ್ ಮುಗ್ಗರಿಸುತ್ತಿದ್ದು, ಮಿಕ್ಸ್ಚರ್ ತೆಳುಮಾಡಿದರೂ ಸರಿಹೋಗದಿದ್ದರೆ, ದಯವಿಟ್ಟು ವಿಮಾನವನ್ನು ಹ್ಯಾಂಗರಿಗೆ ತಿರುಗಿಸಿ.